ಬೋರ್‌ವೆಲ್ ಮೇಲೆ ಚೀನಾ ದಾಳಿ

ನೆಟ್‌ವರ್ಕ್ ದಾಳಿ ಮತ್ತು ರಕ್ಷಣೆಯ ಆನ್‌ಲೈನ್ ಕೋರ್ಸಿಗೆ ಸೇರಿದ ಮೇಲೆ ನನಗೆ ಹಳೇಬೀಡು ಬೇರೆಯೇ ಥರ ಕಾಣತೊಡಗಿತು. ನೆಂಟರೆಲ್ಲ ಹೊಯ್ಸಳೇಶ್ವರನ ಗೋಡೆಯ ಆನೆಸಾಲು ನೋಡುತ್ತಿದ್ದರೆ ನಾನು 1311ರ ದಾಳಿಯ ವಿಶ್ಲೇಷಣೆಗಿಳಿದೆ. "ಪಾಂಡ್ಯ ಅಣ್ಣತಮ್ಮಂದಿರ ಜಗಳದಲ್ಲಿ ಕೈಹಾಕೋಕೆ ಮೂರನೇ ಬಲ್ಲಾಳ ದಕ್ಷಿಣಕ್ಕೆ ಹೋಗಿದ್ದ. ಅಡ್ಮಿನ್ ಊರಲ್ಲಿಲ್ಲದ ಹೊತ್ತು ನೋಡ್ಕೊಂಡು ಮಲಿಕ್ ಕಾಫರ್ ದೋರಸಮುದ್ರಕ್ಕೆ, ಅಂದ್ರೆ ಇದೇ ಹಳೇಬೀಡಿಗೆ, ನುಗ್ಗಿದ. ಆನೆ, ಕುದುರೆ, ಖಜಾನೆ ಹೋಗಿದ್ದು ಸಾಲದು ಅಂತ, ಪಾಂಡ್ಯರ ನಾಡಿಗೆ ದಾರಿ ತೋರಿಸೋ ಕೆಲಸವೂ ಬಲ್ಲಾಳನ ತಲೆಗೇ ಬಿತ್ತು. ವಶವಾದ ಕಂಪ್ಯೂಟರಿಂದಲೇ ಪಕ್ಕದ ಕಂಪ್ಯೂಟರಿಗೆ ದಾಳಿ ಮಾಡಿಸೋದು ಅಂದ್ರೆ ಇದೇ."

ಭಾವಮೈದ ಆಕಳಿಸಿ, "ಊಟದ ಹೊತ್ತಿಗೆ ಬೇಲೂರು ಸೇರ್ತೀವಾ?" ಅಂದ.

ಅವತ್ತು ರಾತ್ರಿಯೇ ಅರಸೀಕೆರೆ ಪಕ್ಕದ ನಮ್ಮ ತೋಟದ ಮನೆಯಲ್ಲಿ ಎನ್‌ಮ್ಯಾಪ್ ಓಡಿಸಿದೆ. ಒಂದೊಂದು ಯಂತ್ರಕ್ಕೂ 65,535 ಬಾಗಿಲು. ಯಾವುದು ತೆರೆದಿದೆ ಎಂದು ತಟ್ಟಿ ನೋಡುವ ಸಾಫ್ಟ್‌ವೇರ್ ಇದು. ಪರರ ಯಂತ್ರಕ್ಕೆ ಕೈಹಾಕಿದರೆ ಐಟಿ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು. ನಮ್ಮದನ್ನೇ ನಾವು ತಟ್ಟಿಕೊಂಡರೆ ಯಾರೂ ಕೇಳುವುದಿಲ್ಲ.

ಪಟ್ಟಿ ಬಂತು. ನನ್ನ ಲ್ಯಾಪ್‌ಟಾಪ್, ಇಬ್ಬರ ಫೋನು, ಟಿವಿ. ಕೊನೆಯ ಸಾಲಿನಲ್ಲಿ ಗುರುತಿಲ್ಲದ ಒಂದು ಹೆಸರು: ಎಸ್ಪ್ರೆಸಿಫ್. ಹುಡುಕಿದರೆ ಶಾಂಘೈನ ಚಿಪ್ ಕಂಪನಿ! ನಮ್ಮ ಕೊಬ್ಬರಿ ಮೇಲೆ ಚೀನಾಕ್ಕೆ ಯಾವಾಗ ಕಣ್ಣು ಬಿತ್ತು ಎಂದು ಮೈ ಜುಂ ಎಂದಿತು. ತಕ್ಷಣ ಅದನ್ನು ಬ್ಲಾಕ್ ಮಾಡಿದೆ. ಫ್ರಿಜ್ ಮೇಲಿನ ರೌಟರನ್ನು ತಿರುಗಿಸಿದರೆ ಹೊಟ್ಟೆಗೆ ಅಂಟಿಸಿದ ಚೀಟಿಯಲ್ಲಿ ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಇಂಥ ಕಾರ್ಖಾನೆ ಪಾಸ್‌ವರ್ಡುಗಳ ಸಣ್ಣ ಪಟ್ಟಿ ಇಟ್ಟುಕೊಂಡೇ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ಹಿಡಿದಿತ್ತು. ರೌಟರಿನದ್ದೂ ವೈಫೈದೂ ಎರಡೂ ಪಾಸ್‌ವರ್ಡ್ ಬದಲಾಯಿಸಿ, ವೀರ ಬಲ್ಲಾಳನಿಗೂ ಆಗದ್ದನ್ನು ಮಾಡಿದೆನೆಂದು ಮಲಗಿದೆ.

ಬೆಳಗ್ಗೆ ತೊಟ್ಟಿಯಲ್ಲಿ ನೀರಿಲ್ಲ. ಮಾರನೇ ಬೆಳಗ್ಗೆಯೂ ಇಲ್ಲ. ರಾತ್ರಿ ತ್ರೀ ಫೇಸ್ ಕರೆಂಟು ಬಂದಿತ್ತು, ಮೋಟಾರು ಮಾತ್ರ ಉಸಿರೆತ್ತಿರಲಿಲ್ಲ. ಪಂಪ್ ಎತ್ತುವವರನ್ನು ಕರೆಸಿದೆ. ಅವರಲ್ಲೊಬ್ಬ ಹುಡುಗ ಸ್ಟಾರ್ಟರ್ ಡಬ್ಬ ಬಿಚ್ಚಲು ಹೋದ. "ಏಯ್, ಅದರೊಳಗೆ ನನ್ನ ಮಗ ಏನೋ ವೈರಿಂಗ್ ಮಾಡಿದಾನೆ, ಮುಟ್ಬೇಡ" ಎಂದು ಗದರಿದವನು ನಾನೇ. ಸರಿ, ಪೈಪುಗಳು ಒಂದೊಂದಾಗಿ ಮೇಲೆ ಬಂದು ತೆಂಗಿನ ಸಾಲಿನುದ್ದಕ್ಕೂ ಮಲಗಿದವು. ಕೆಸರು ಮೆತ್ತಿದ ಮೋಟಾರನ್ನು ನೆಲದ ಮೇಲೆ ತಿರುಗಿಸಿ ನೋಡಿದ ಮೇಸ್ತ್ರಿ, "ಮೋಟ್ರು ಚೆನ್ನಾಗೇ ಐತಲ್ಲ ಯಜಮಾನ್ರೇ" ಎಂದ. ಬಿಲ್ಲು ಅದಕ್ಕೂ ಚೆನ್ನಾಗಿತ್ತು.

ಅಷ್ಟರಲ್ಲಿ ಬೆಂಗಳೂರಿನಿಂದ ಮಗನ ಫೋನು. "ಅಪ್ಪಾ, ಪಂಪ್ ಎರಡು ದಿನದಿಂದ ಆ್ಯಪ್‌ನಲ್ಲಿ ಆಫ್‌ಲೈನ್ ಅಂತಿದೆ. ವೈಫೈ ಏನಾದ್ರೂ ಮಾಡಿದ್ರಾ?"

ರಾತ್ರಿ ಎದ್ದು ಮೋಟಾರ್ ಹಾಕುವ ಕಷ್ಟ ನನಗೆ ಬೇಡವೆಂದು ಅವನೇ ಕೂರಿಸಿದ್ದ ಸ್ವಿಚ್ಚಿನೊಳಗಿತ್ತು ಆ ಶಾಂಘೈ ಚಿಪ್ಪು. ಕೋರ್ಸಿನಲ್ಲಿ ದಾಳಿಗಳಿಗೆ ಪಾಠದ ಮೇಲೆ ಪಾಠ. ಮೊದಲು ಮನೆಯಲ್ಲಿರುವ ಯಂತ್ರಗಳ ಪಟ್ಟಿ ಮಾಡಿಕೊಳ್ಳಿ ಎಂಬುದಕ್ಕೆ ಒಂದೇ ಸಾಲು. ಅಂಥ ಸಪ್ಪೆ ಸಾಲನ್ನು ಯಾರು ಓದುತ್ತಾರೆ?

"ಇದಕ್ಕೆ ಡಿನಯಲ್ ಆಫ್ ಸರ್ವಿಸ್ ಅಂತಾರಪ್ಪಾ. ನೀವು ನಮ್ಮ ತೆಂಗಿನ ಮರಗಳ ಮೇಲೆ ಮಾಡಿದೀರಿ" ಎಂದ ಮಗ. "ಬ್ಲಾಕ್ ತೆಗೀರಿ. ಹೊಸ ಪಾಸ್‌ವರ್ಡ್ ಆ ಸ್ವಿಚ್ಚಿಗೆ ಗೊತ್ತಿಲ್ಲ, ಹಳೇದೇ ಹಾಕಿ."

ಬ್ಲಾಕ್ ತೆಗೆಯಲು ರೌಟರ್ ತೆರೆದರೆ ಪಟ್ಟಿಯಲ್ಲಿ ಎಂದೂ ಕಾಣದ ಫೋನುಗಳ ಜಾತ್ರೆ. ಎದೆ ಮತ್ತೆ ಜುಂ ಎಂದಿತು. ಹೊರಗೆ ಇಣುಕಿದೆ. ಪಂಪಿನವರೆಲ್ಲ ನಮ್ಮ ಜಗಲಿ ಮೇಲೆ ಸಾಲಾಗಿ ಕೂತು ಕ್ರಿಕೆಟ್ ನೋಡುತ್ತಿದ್ದಾರೆ.

"ಪಾಪ, ಬಿಸಿಲಲ್ಲಿ ದುಡಿದವರು" ಎಂದಳು ಹೆಂಡತಿ, ಲೋಟಗಳನ್ನು ಎತ್ತಿಕೊಳ್ಳುತ್ತಾ. "ಮಜ್ಜಿಗೆ ಕೊಟ್ಟೆ. ಪಾಸ್‌ವರ್ಡ್ ಕೇಳಿದ್ರು, ಅದನ್ನೂ ಕೊಟ್ಟೆ."