ಊರು ಸನ್ನದ್ಧವೇ? ಒಂದು ಪ್ರಮಾಣ ಮೀಮಾಂಸೆ

ಊರೊಂದು ಸ್ಮಾರ್ಟ್ ಆಗಲು, ಆದಮೇಲೆ ಸುಸ್ಥಿರವಾಗಿ ಉಳಿಯಲು ಎಷ್ಟು ಸನ್ನದ್ಧವಾಗಿದೆ ಎಂದು ಅಳೆಯುವುದಕ್ಕೆ ಆಧುನಿಕರು ಸೂಚ್ಯಂಕ, ಡ್ಯಾಶ್‌ಬೋರ್ಡ್ ಎಂದು ಪರದಾಡುತ್ತಾರೆ. ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಎಂದೋ ಕೊಟ್ಟು ಹೋಗಿದ್ದಾರೆ. ಅವನ್ನು ಚೀಲಕ್ಕೆ ತುಂಬಿಕೊಂಡು ಈ ಪ್ರಬಂಧಕಾರ ಕೆಂಪು ಬಸ್ ಹತ್ತಿದ.

ಮೊದಲು ತುಮಕೂರು. ತುಂಬೆ ಗಿಡದಿಂದ ಬಂದ ಹೆಸರೆಂದು ಒಂದು ಪಕ್ಷ, ತುಮುಕು ಎಂಬ ವಾದ್ಯದಿಂದ ಬಂದದ್ದೆಂದು ಇನ್ನೊಂದು. ಜೆಸಿಬಿಗಳ ಸದ್ದು ಕೇಳಿದವರೆಲ್ಲ ಎರಡನೆಯ ಪಕ್ಷಕ್ಕೆ ವಾಲಿದ್ದಾರೆ. ಶಬ್ದಪ್ರಮಾಣ ಅಲ್ಲಿಗೆ ಸಿದ್ಧವಾಯಿತು. 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಬದಲಾಯಿತು. ಕನ್ನಡದಲ್ಲಿ ಅದು ಮೊದಲೂ ತುಮಕೂರೇ, ಸನ್ನದ್ಧವಾಗಬೇಕಾಗಿದ್ದದ್ದು ಇಂಗ್ಲಿಷ್ ಬೋರ್ಡು ಮಾತ್ರ.

ಸ್ಮಾರ್ಟ್ ಸಿಟಿ ಯೋಜನೆ ಹುಟ್ಟಿದ್ದು 2015ರ ಜೂನ್‌ನಲ್ಲಿ. ತುಮಕೂರು ಆಯ್ಕೆಯಾದದ್ದು 2016ರ ಸೆಪ್ಟೆಂಬರ್‌ನಲ್ಲಿ. ಊರಿಗೆ ವರ್ಷಕ್ಕೆ ಸರಾಸರಿ 100 ಕೋಟಿಯಂತೆ ಐದು ವರ್ಷ ಕೇಂದ್ರದ ಪಾಲು, ಅಷ್ಟೇ ರಾಜ್ಯದ್ದು ಎಂಬುದು ಲೆಕ್ಕ. 2025ರ ಮಾರ್ಚ್ 31ಕ್ಕೆ ಯೋಜನೆಯೇ ಮುಗಿಯಿತು. ಪರೀಕ್ಷೆ ಮುಗಿದು ಹಾಲಿಗೆ ಬೀಗ ಬಿದ್ದಮೇಲೆ ಹುಡುಗ ಓದಿಕೊಂಡಿದ್ದಾನೆಯೇ ಎಂದು ಕೇಳುವುದು ದೋಷವಲ್ಲವೇ ಎಂದರೆ, ಅಲ್ಲ. ಶಾಸ್ತ್ರ ಹುಟ್ಟುವುದೇ ಆಗ.

ಅನುಮಾನಕ್ಕೆ ವ್ಯಾಪ್ತಿ ಬೇಕು. ಹೊಗೆಯಿದ್ದಲ್ಲಿ ಬೆಂಕಿ ಎಂಬುದು ಹಳೆಯ ಉದಾಹರಣೆ. ಹೊಸ ಡಾಂಬರಿದ್ದಲ್ಲಿ ಅಗೆತ ಎಂಬುದು ನನ್ನದು. ದೃಷ್ಟಾಂತ ನಮ್ಮ ಬೀದಿ. ಒಂದು ಇಲಾಖೆ ಮುಚ್ಚಿ ಹೋದ ಮರುವಾರವೇ ಇನ್ನೊಂದು ಇಲಾಖೆ ಬಂದು ಅಗೆಯಿತು. ಹೀಗಾಗಿ ನಮ್ಮ ಬೀದಿಯವರಿಗೆ ಉಳಿದ ಮೂರು ಪ್ರಮಾಣಗಳು ಒಗ್ಗುವುದಿಲ್ಲ, ಎಲ್ಲದರ ಮೇಲೂ ಅನುಮಾನವೊಂದೇ.

ಗುಬ್ಬಿಯಲ್ಲಿ ಉಪಮಾನ ಕೈಕೊಟ್ಟಿತು. 1884ರಲ್ಲಿ ಹುಟ್ಟಿದ ಇಲ್ಲಿನ ನಾಟಕ ಕಂಪನಿ ನಟರು, ಪರದೆ, ಅಡುಗೆ ಪಾತ್ರೆಗಳ ಸಮೇತ ಊರೂರಿಗೆ ಹೊರಡುತ್ತಿತ್ತು. ಅದನ್ನು ನಡೆಸಿದ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಕಳಚಿ ಕಟ್ಟಬಲ್ಲ ಇಂಥ ನಗರವನ್ನು ಯಾವುದಕ್ಕೆ ಹೋಲಿಸುವುದು? ಈಗ ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ 2023ರ ಫೆಬ್ರವರಿಯಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿದೆ. ಗುಬ್ಬಿಗೆ ರೆಕ್ಕೆ ಮೊದಲೇ ಇತ್ತಲ್ಲ ಎಂಬ ಆಕ್ಷೇಪವನ್ನು ಮುಂದಿನ ಸಂಪುಟದಲ್ಲಿ ಪರಿಶೀಲಿಸಲಾಗುವುದು.

ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದ್ದೆನ್ನುವ ಕುದುರೆ ಫಾರಂ ಇದೆ. ಪೆಟ್ರೋಲ್ ಕುಡಿಯದ, ಹೊಗೆ ಉಗುಳದ, ಹಿಂದೆ ಗೊಬ್ಬರವನ್ನಷ್ಟೇ ಬಿಡುವ ವಾಹನ! ಸುಸ್ಥಿರತೆಗೆ ನನ್ನ ಅಂಕ ಹತ್ತಕ್ಕೆ ಹನ್ನೊಂದು. ಇನ್ನು ಕೆರೆ. ಜನಪದ ಹಾಡಿನಲ್ಲಿ ಕರ್ನಾಟಕವೆಲ್ಲ ನೋಡಿರುವ ಕೆರೆಯದು. ಏರಿಯ ಮೇಲೆ ನಡೆದು ತೂಬಿನ ಮಟ್ಟ ನೋಡಿ, ಯಾವ ಗದ್ದೆಗೆ ಯಾವ ಹೊತ್ತಿಗೆ ನೀರೆಂದು ಹೇಳುತ್ತಿದ್ದ ನೀರುಗಂಟಿಗೆ ಪಾಸ್‌ವರ್ಡ್ ಬೇಕಿರಲಿಲ್ಲ. ಕೆರೆ ಕೋಡಿ ಬಿದ್ದರೆ ಸುದ್ದಿ ಆ್ಯಪ್ ಇಲ್ಲದೆಯೇ ಸುತ್ತಲ ಹಳ್ಳಿಗಳಿಗೆ ಮುಟ್ಟುತ್ತಿತ್ತು.

ಇಲ್ಲಿ ಶಾಸ್ತ್ರ ತೊಡರುತ್ತದೆ. ಮೂರು ಊರಿಗೂ ಬೇರೆ ಬೇರೆ ಫಾರಂ ತುಂಬಿದೆ, ನೀರಿನ ಕಾಲಂಗೆ ಬಂದಾಗ ಮೂರರಲ್ಲೂ ಒಂದೇ ಉತ್ತರ: ಹೇಮಾವತಿ. ಹಾಸನ ಜಿಲ್ಲೆಯ ಗೊರೂರಿನಿಂದ ನಾಲೆಯಲ್ಲಿ ಹೊರಟ ನೀರು ಬುಗುಡನಹಳ್ಳಿ ಕೆರೆಯಲ್ಲಿ ನಿಂತು ತುಮಕೂರಿನ ನಲ್ಲಿಗೆ ಬರುತ್ತದೆ. ಅದೇ ನಾಲೆಯಿಂದ ಕುಣಿಗಲ್ ಕಡೆಗೆ ನೇರ ಪೈಪು ಹಾಕುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಬೇಡವೆಂದು 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಬೀದಿಗಿಳಿದರು. ನಾಲೆಯ ತುದಿಯ ನಮಗೆ ನಮ್ಮ ಪಾಲು ಬರುತ್ತಿಲ್ಲ ಎನ್ನುವುದು ಕುಣಿಗಲ್ಲಿನ ವಾದ. ಎರಡೂ ಕಡೆಯ ಮಾತು ಕೇಳಿದೆ, ಇಬ್ಬರಿಗೂ ಬಾಯಾರಿತ್ತು. ಒಬ್ಬರ ಸುಸ್ಥಿರತೆ ಇನ್ನೊಬ್ಬರ ತೂಬಿನಲ್ಲಿ ಸಿಕ್ಕಿಕೊಂಡಿರುವಾಗ ಅಂಕ ಹಾಕುವುದು ಹೇಗೆಂದು ಯಾವ ಸೂಚ್ಯಂಕದಲ್ಲೂ ಕಾಣೆ.

ಉಳಿದದ್ದು ಪ್ರತ್ಯಕ್ಷ. ನಾಳೆ ನಮ್ಮ ಬೀದಿಗೆ ನೀರು ಬಿಡುವ ದಿನ. ಬಿಂದಿಗೆಗಳು ಇವತ್ತೇ ನಲ್ಲಿಯ ಮುಂದೆ ಸಾಲಾಗಿ ಕೂತಿವೆ. ಈ ಜಿಲ್ಲೆಯಲ್ಲಿ ನಾನು ಕಂಡ ಸಂಪೂರ್ಣ ಸನ್ನದ್ಧರು ಇವರೇ.