ಕಿಟಕಿ ಸೋರುತ್ತಾ, ಭಟ್ರೆ?

ಅಲ್ಲ ಭಟ್ರೆ, ಆ ಬಚ್ಚಲುಮನೆ ಸಿಲಿಕೋನ್ ಅಂಟನ್ನ ದೋಣಿಗೆ ಮುಟ್ಟಿಸಬೇಡಿ ಮಾರಾಯ್ರೆ. ಕಿಟಕಿಯ ಸುತ್ತ ಹೊರಗಿನಿಂದ ಮೆತ್ತಿದರೆ ನೀರು ನಿಲ್ಲಲ್ಲ, ದಾರಿ ಬದಲಿಸುತ್ತೆ ಅಷ್ಟೆ. ಅಲ್ಲದೆ, ಒಮ್ಮೆ ಸಿಲಿಕೋನ್ ಕೂತ ಜಾಗದಲ್ಲಿ ಆಮೇಲೆ ಬೇರೆ ಅಂಟು ಹಿಡಿಯಲ್ಲ, ಬಣ್ಣವೂ ನಿಲ್ಲಲ್ಲ. ಅದನ್ನ ಕೆರೆದು ತೆಗೆಯೋದೇ ದೊಡ್ಡ ಕೆಲಸ. ದೊಡ್ಡ ಕಟ್ಟಡಗಳ ಗಾಜು ಹಿಡಿಸೋ ಸಿಲಿಕೋನ್ ಬೇರೆ ಉಂಟು, ಅದನ್ನ ದೋಣಿಯವರೂ ಬಳಸ್ತಾರೆ. ನಿಮ್ಮ ಕೈಯಲ್ಲಿರೋದು ಅದಲ್ಲ.

ಹಳೇ ದೋಣಿ ಅಂತ ಬೇಜಾರು ಮಾಡ್ಕೋಬೇಡಿ. ಈ ಸೌತಾಂಪ್ಟನ್ ಸುತ್ತಮುತ್ತ, ಹ್ಯಾಂಬಲ್ ನದಿಯಲ್ಲಿ, ಸೊಲೆಂಟ್ ಜಲಸಂಧಿಯಲ್ಲಿ ಓಡಾಡೋ ಹಾಯಿದೋಣಿಗಳಲ್ಲಿ ಎಪ್ಪತ್ತರ ದಶಕದವು ಎಷ್ಟಿವೆ ನೋಡಿ. ವೆಸ್ಟರ್ಲಿ ಸೆಂಟಾರ್ ಅಂತ 26 ಅಡಿಯ ದೋಣಿ. 1969ರಿಂದ 1980ರವರೆಗೆ ಎರಡು ಸಾವಿರಕ್ಕೂ ಮೇಲೆ ಕಟ್ಟಿದರು. ಅಡಿಯಲ್ಲಿ ರೆಕ್ಕೆಯಂಥ ಎರಡು ಕೀಲ್, ಹಾಗಾಗಿ ಇಳಿತದ ಹೊತ್ತಿಗೆ ಕೆಸರಿನ ಮೇಲೆ ನೆಟ್ಟಗೆ ಕೂರುತ್ತೆ. ಆ ಕಾಲದ ಫೈಬರ್ ಗ್ಲಾಸ್ ಮೈ ದಪ್ಪ, ಐವತ್ತು ವರ್ಷ ಆದರೂ ಗಟ್ಟಿ. ಸಾಯೋದು ಕಿಟಕಿಯ ಅಂಟು. ಅದಕ್ಕೆ ಅಷ್ಟು ಆಯಸ್ಸು ಇಲ್ಲವೇ ಇಲ್ಲ.

ಮೊದಲು, ಸೋರ್ತಾ ಇದೆಯೋ ಬೆವರ್ತಾ ಇದೆಯೋ ಅಂತ ನೋಡಬೇಕು. ಕ್ಯಾಬಿನ್ನಿನಲ್ಲಿ ಇಬ್ಬರು ಮಲಗಿ, ಬೆಳಿಗ್ಗೆ ಚಹಾಕ್ಕೆ ನೀರು ಕುದಿಸಿದರೆ ತಣ್ಣನೆ ಕಿಟಕಿಯ ಒಳಮೈಯಲ್ಲಿ ಹನಿ ಕಟ್ಟಿ ಇಳಿಯುತ್ತೆ. ಮಳೆ ಇಲ್ಲದ ವಾರವೂ ದಿಂಬು ಒದ್ದೆ ಅಂದರೆ ಅದು ನಿಮ್ಮದೇ ಉಸಿರು. ಗಾಳಿಗಿಂಡಿ ತೆರೆದಿಟ್ಟರೆ ಸಾಕು. ಮಳೆ ಬಂದಾಗ ಮಾತ್ರ ಒದ್ದೆ ಅಂದರೆ ಸೋರಿಕೆ.

ಎಲ್ಲಿಂದ ಅಂತ ಹುಡುಕೋದು ಸುಲಭ ಅಲ್ಲ. ನಮ್ಮ ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ ನೆನಪಿದೆಯಲ್ಲ, ಒಡೆದ ಹೆಂಚು ಒಂದು ಕಡೆ, ನೀರು ರೀಪಿನ ಗುಂಟ ಹರಿದು ತೊಟ್ಟಿಕ್ಕೋದು ಇನ್ನೊಂದು ಕಡೆ? ಇಲ್ಲೂ ಅದೇ. ಕಿಟಕಿಯ ಕೆಳಗೆ ಹನಿ ಕಂಡರೂ ನೀರು ಬಂದದ್ದು ಮೇಲಿನ ಕೈಹಿಡಿಯ ಬೋಲ್ಟಿನಿಂದ ಇರಬಹುದು. ಹೋಸ್ ಹಿಡಿಯುವಾಗ ಕೆಳಗಿನಿಂದ ಶುರು ಮಾಡಿ ನಿಧಾನ ಮೇಲಕ್ಕೆ ಹೋಗಿ, ಒಳಗೆ ಒಬ್ಬರು ಟಿಶ್ಯೂ ಕಾಗದ ಒತ್ತಿ ನೋಡ್ತಾ ಇರಲಿ. ಇನ್ನೂ ಒಳ್ಳೆ ಉಪಾಯ: ಎಲ್ಲಾ ಕಿಂಡಿ ಮುಚ್ಚಿ, ಒಳಕ್ಕೆ ಬ್ಲೋವರಿನಿಂದ ಗಾಳಿ ತುಂಬಿ, ಹೊರಗೆ ಸೋಪಿನ ನೀರು ಹಚ್ಚೋದು. ತೂತಿದ್ದಲ್ಲಿ ಗುಳ್ಳೆ ಏಳುತ್ತೆ. ಕೂದಲೆಳೆಯಂಥ ಬಿರುಕಾದರೆ ಕ್ಯಾಪ್ಟನ್ ಟೋಲೀಸ್ ಅಂತ ಹಾಲಿನ ಹಾಗಿರೋ ದ್ರವ ಸಿಗುತ್ತೆ, ತಾನಾಗಿ ಬಿರುಕಿನೊಳಗೆ ಇಳಿದು ಮುಚ್ಚುತ್ತೆ. ಈ ಬೇಸಿಗೆ ದಾಟಿಸೋಕೆ ಅದು ಸಾಕು, ನಿಮ್ಮ ದೊಡ್ಡ ಕಿಟಕಿಗೆ ಸಾಲದು.

ನಿಮ್ಮದರಲ್ಲಿ ಹಿಂದಿನವರು ಯಾರೋ ಫ್ರೇಮು ಕಿತ್ತು, ಅಕ್ರಿಲಿಕ್ ಹಾಳೆಯನ್ನೇ ಕ್ಯಾಬಿನ್ನಿನ ಗೋಡೆಗೆ ಸ್ಕ್ರೂ ಹಾಕಿ ಬಿಗಿದಿದ್ದಾರೆ. ಆ ಬಿಗಿಯೇ ಕಷ್ಟಕ್ಕೆ ಮೂಲ, ನಾನು ಇದನ್ನೇ ಎಲ್ಲರಿಗೂ ಹೇಳೋದು. ಅಕ್ರಿಲಿಕ್ ಬಿಸಿಲಿಗೆ ಬಹಳ ಹಿಗ್ಗುತ್ತೆ. 60 ಸೆಂಟಿಮೀಟರ್ ಉದ್ದದ ಹಾಳೆ 30 ಡಿಗ್ರಿ ಬಿಸಿ ಏರಿದರೆ ಒಂದು ಮಿಲಿಮೀಟರಿಗೂ ಹೆಚ್ಚು ಉದ್ದ ಆಗುತ್ತೆ, ಫೈಬರ್ ಗ್ಲಾಸ್ ಅದರ ಅರ್ಧವೂ ಹಿಗ್ಗಲ್ಲ. ರಾತ್ರಿ ತಣ್ಣಗಾದರೆ ಕುಗ್ಗುತ್ತೆ. ವರ್ಷಗಟ್ಟಲೆ ದಿನಾ ಇದೇ ಎಳೆದಾಟ. ಸ್ಕ್ರೂ ಬಿಗಿದು ಅಂಟನ್ನೆಲ್ಲ ಹಿಂಡಿ ಹೊರಹಾಕಿದ್ದರೆ ಕಾಗದದಷ್ಟು ತೆಳುವಾದ ಪದರ ಈ ಎಳೆತ ತಡೆಯುತ್ತಾ? ಹರಿದುಹೋಗುತ್ತೆ. ತಲೆ ಮುಳುಗೋ ಇಳಿಜಾರು ಸ್ಕ್ರೂ ಆದರಂತೂ ತೂತಿನ ಅಂಚನ್ನ ಬೆಣೆಯಂತೆ ಸೀಳುತ್ತೆ. ನಿಮ್ಮ ಕಿಟಕಿಯ ಮೂಲೆಯಿಂದ ಹೊರಟ ಆ ಸೀಳು ಅದೇ.

ಹಾಗಾಗಿ ಹೊಸ ಹಾಳೆಯಲ್ಲಿ ತೂತು ಬೋಲ್ಟಿಗಿಂತ ಒಂದೆರಡು ಮಿಲಿಮೀಟರ್ ದೊಡ್ಡದಿರಲಿ, ಬೋಲ್ಟಿನ ತಲೆ ಚಪ್ಪಟೆ ಕೂರುವಂಥದ್ದಿರಲಿ. ಹಾಳೆಗೂ ಗೋಡೆಗೂ ನಡುವೆ ಮೂರು ಮಿಲಿಮೀಟರ್ ದಪ್ಪದ ಫೋಮ್ ತುಂಡು ಅಲ್ಲಲ್ಲಿ ಇಟ್ಟರೆ ಅಂಟು ಅಷ್ಟು ದಪ್ಪ ಉಳಿಯುತ್ತೆ, ರಬ್ಬರಿನ ಹಾಗೆ ಎಳೆದಾಡಿದರೂ ಬಿಡಲ್ಲ. ಅಂಟು ಪ್ಲಾಸ್ಟಿಕ್ ಕಿಟಕಿಗೆ ಅಂತಲೇ ಮಾಡಿದ್ದಿರಬೇಕು; ತೇಗದ ಡೆಕ್ಕಿಗೆ ಹಾಕೋ ಪಾಲಿಸಲ್ಫೈಡ್ ಅಕ್ರಿಲಿಕ್ಕಿಗೆ ಆಗಿಬರಲ್ಲ. ಬ್ಯುಟೈಲ್ ಟೇಪೂ ಒಳ್ಳೆಯದೇ, ಯಾವತ್ತೂ ಗಟ್ಟಿಯಾಗಲ್ಲ, ನಾಳೆ ಬಿಚ್ಚಬೇಕಾದರೂ ಬಿಚ್ಚಬಹುದು. ಆದರೆ ಒಂದೇ ದಿನ ಬಿಗಿಯಬಾರದು, ದಿನಕ್ಕೆ ಸ್ವಲ್ಪ ಸ್ವಲ್ಪ.

ಅಂಟು ಹಚ್ಚೋ ಮುಂಚೆ ಒರೆಸೋವಾಗ, ಅಸಿಟೋನ್ ಫೈಬರ್ ಗೋಡೆಗೆ ಮಾತ್ರ. ಅಕ್ರಿಲಿಕ್ಕಿಗೆ ಸೋಕಿದರೆ ಒಳಗೆಲ್ಲ ಸಣ್ಣ ಬಿರುಕು ಹಬ್ಬುತ್ತೆ. ಅಕ್ರಿಲಿಕ್ ಒರೆಸೋಕೆ ಸೋಪಿನ ನೀರು ಸಾಕು.

ಇನ್ನು ನನಗೆ ನಿಜವಾದ ಹೆದರಿಕೆ ಇರೋದು ಗೋಡೆಯ ಒಳಗಿನದ್ದು. ಎಷ್ಟೋ ದೋಣಿಗಳಲ್ಲಿ ಎರಡು ಪದರ ಫೈಬರಿನ ನಡುವೆ ಬಾಲ್ಸಾ ಮರವೋ ಪ್ಲೈವುಡ್ಡೋ ಇರುತ್ತೆ. ಕಿಟಕಿ ಕತ್ತರಿಸಿದ ಅಂಚಿನಿಂದ ನೀರು ಅದಕ್ಕೆ ಸೇರಿದರೆ ಮರ ಕೊಳೆಯುತ್ತೆ, ಹೊರಗಿನಿಂದ ಏನೂ ಕಾಣಲ್ಲ. ಕಿಟಕಿ ತೆಗೆದಾಗ ಅಂಚನ್ನ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ಆ ಮರ ಕೆರೆದು, ಪೂರ್ತಿ ಒಣಗಿಸಿ, ಎಪಾಕ್ಸಿ ತುಂಬಿ ಆಮೇಲೇ ಮುಂದಿನ ಕೆಲಸ. ಒಣಗೋಕೆ ಇಷ್ಟು ದಿನ ಯಾಕೆ ಕಾಯಬೇಕು ಅಂತ ಅನ್ನಿಸುತ್ತೆ, ಕಾಯಲೇಬೇಕು.

ಚಳಿಯಲ್ಲಿ ಅಂಟು ಹಿಡಿಯಲ್ಲ, ಚಳಿ ಶುರುವಾಗೋ ಮುಂಚೆ ಮುಗಿಸೋಣ. ಶನಿವಾರ ಒಣಹವೆ ಅಂತಾರೆ, ನಾನೂ ಬರ್ತೇನೆ. ಒಂದೊಂದೇ ಕಿಟಕಿ ಬಿಚ್ಚೋಣ, ತೆಗೆದದ್ದಕ್ಕೆ ಪ್ಲೈವುಡ್ ಹಲಗೆ ಹೊಡೆದು ಟಾರ್ಪಾಲ್ ಕಟ್ಟಿದರಾಯ್ತು. ಹಳೇ ಹಾಳೆ ಸೀಳಿದೆ ಅಂತ ಎಸೆದುಬಿಡಬೇಡಿ ಮತ್ತೆ, ಹೊಸದನ್ನ ಕತ್ತರಿಸೋಕೆ ಅದೇ ಅಳತೆ.