ದೀಪ-ಭಿತ್ತಿ ಪ್ರಾಧಾನ್ಯವಾದ: ಸಾಕುಹಲ್ಲಿಯ ಛಾಯಾಚಿತ್ರವನ್ನು ಕುರಿತ ಒಂದು ಕಿರುಮೀಮಾಂಸೆ

ಶಾಸ್ತ್ರವೆಂದ ಮೇಲೆ ಮೊದಲು ವಿಷಯ ನಿರ್ದೇಶವಾಗಬೇಕು. ಇಲ್ಲಿಯ ವಿಷಯ ಸಾಕುಹಲ್ಲಿಯ ಫೋಟೊ. ಇದರ ಮೊದಲ ತೊಡಕು ಕ್ಯಾಮೆರಾದ್ದಲ್ಲ, ವ್ಯಾಕರಣದ್ದು. ಕನ್ನಡದಲ್ಲಿ ‘ಸಾಕು’ ಎಂದರೆ ಪೋಷಿಸು ಎಂದೂ ಆಗುತ್ತದೆ, ಇನ್ನು ಬೇಡ ಎಂದೂ ಆಗುತ್ತದೆ. ಸಾಕುನಾಯಿ, ಸಾಕುಬೆಕ್ಕು ಎನ್ನುವಾಗ ಮೊದಲನೆಯ ಅರ್ಥವನ್ನು ಹಿಡಿಯುವ ಕನ್ನಡಿಗರು ಹಲ್ಲಿಯ ಹತ್ತಿರ ಬಂದೊಡನೆ, ಅದರಲ್ಲೂ ಕೈಯಲ್ಲಿ ಪೊರಕೆ ಇದ್ದರೆ, ಎರಡನೆಯದಕ್ಕೆ ಜಾರುತ್ತಾರೆ. ಅಮೆರಿಕ, ಯೂರೋಪುಗಳಲ್ಲಿ ಈ ಸಂದಿಗ್ಧವಿಲ್ಲ. ಅಲ್ಲಿ ಲೆಪರ್ಡ್ ಗೆಕ್ಕೊ, ಕ್ರೆಸ್ಟೆಡ್ ಗೆಕ್ಕೊ ಮುಂತಾದ ಹಲ್ಲಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಹೆಸರು ಕರೆದು, ಹೊತ್ತುಹೊತ್ತಿಗೆ ಉಣಿಸಿ, ಮಗುವಿನ ಫೋಟೊ ತೆಗೆದಷ್ಟೇ ಅಕ್ಕರೆಯಿಂದ ಫೋಟೊ ತೆಗೆಯುತ್ತಾರೆ. ನಮ್ಮ ಹಲ್ಲಿಯಾದರೋ ಅಡ್ವಾನ್ಸೂ ಇಲ್ಲದೆ ಬಾಡಿಗೆಯೂ ಇಲ್ಲದೆ ಟ್ಯೂಬ್‌ಲೈಟಿನ ಪಟ್ಟಿಯ ಹಿಂದೆ ವಾಸವಾಗಿದ್ದು, ಊಟದ ವ್ಯವಸ್ಥೆಯನ್ನು ತಾನೇ ನೋಡಿಕೊಳ್ಳುತ್ತದೆ. ಹೀಗೆ ಕುಲ, ಗೋತ್ರ, ಅಂತಸ್ತುಗಳಲ್ಲಿ ಎಷ್ಟೇ ಅಂತರವಿದ್ದರೂ ಈ ಎರಡೂ ವರ್ಗದ ಹಲ್ಲಿಗಳಿಗೆ ಒಂದು ಸಮಾನ ಲಕ್ಷಣವುಂಟು: ಫೋಟೊ ಚೆನ್ನಾಗಿ ಬಂದಿರುವುದಿಲ್ಲ. ಇದರ ಹೊಣೆ ಹಲ್ಲಿಯದಲ್ಲ, ಹಲ್ಲಿಯ ಮೇಲಿನ ದೀಪ ಮತ್ತು ಹಲ್ಲಿಯ ಹಿಂದಿನ ಭಿತ್ತಿ ಇವೆರಡರದು ಎಂಬುದೇ ಇಲ್ಲಿ ಸಾಧಿಸಲಿರುವ ಪ್ರತಿಜ್ಞೆ.

ಪೂರ್ವಪಕ್ಷದವರು ಎರಡು ಮಾತು ಹೇಳುತ್ತಾರೆ: ಹಲ್ಲಿ ಒಂದು ಕಡೆ ನಿಲ್ಲುವುದಿಲ್ಲ, ನಿಂತರೂ ನೋಡಲು ಚೆನ್ನಾಗಿಲ್ಲ. ಮೊದಲನೆಯದು ಅನುಭವಕ್ಕೆ ವಿರುದ್ಧ. ದೀಪದ ಹುಳುವಿಗಾಗಿ ಕಾದು ಕೂತ ಹಲ್ಲಿಯಷ್ಟು ಅಲುಗದ ಜೀವ ಮನೆಯಲ್ಲಿ ಇನ್ನೊಂದಿಲ್ಲ; ಮದುವೆಯ ಗ್ರೂಪ್ ಫೋಟೊದಲ್ಲಿ ಕಣ್ಣು ಮಿಟುಕಿಸುವ ಚಿಕ್ಕಪ್ಪನನ್ನು ನಿಲ್ಲಿಸುವುದು ಇದಕ್ಕಿಂತ ಕಷ್ಟ. ಎರಡನೆಯದಕ್ಕೆ ಅಲಂಕಾರಶಾಸ್ತ್ರವೇ ಉತ್ತರ ಕೊಟ್ಟಿದೆ. ರಸಕ್ಕೆ ಆಲಂಬನ ವಿಭಾವವೊಂದೇ ಸಾಲದು, ಉದ್ದೀಪನ ವಿಭಾವವೂ ಬೇಕು. ನಾಯಕಿ ಆಲಂಬನವಾದರೆ ಬೆಳದಿಂಗಳು, ತಂಗಾಳಿ, ಉದ್ಯಾನಗಳು ಉದ್ದೀಪನ. ದುಷ್ಯಂತನು ಶಕುಂತಲೆಯನ್ನು ಆಶ್ರಮದ ಗಿಡಬಳ್ಳಿಗಳ ನಡುವೆ ನೋಡದೆ, ಎಣ್ಣೆಗೈ ಗುರುತಿರುವ ಸ್ವಿಚ್‌ಬೋರ್ಡಿನ ಪಕ್ಕದಲ್ಲಿ, ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಡಿ ನೋಡಿದ್ದರೆ ನಾಟಕ ಏಳು ಅಂಕದವರೆಗೆ ಹೋಗುತ್ತಿರಲಿಲ್ಲ. ಶಕುಂತಲೆಗೇ ಬಾರದ ಕಳೆಯನ್ನು ಹಲ್ಲಿ ಎಲ್ಲಿಂದ ತರಬೇಕು? ಇಲ್ಲಿ ಯಾರಾದರೂ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯನ್ನು ಎಸೆಯಬಹುದು. ಗಾದೆ ಕುಣಿಯಲಾರದವಳನ್ನು ಹಂಗಿಸುತ್ತದೆಯೇ ಹೊರತು ನೆಲ ನೆಟ್ಟಗಿದೆಯೆಂದು ಎಲ್ಲಿಯೂ ಸಾಧಿಸುವುದಿಲ್ಲ. ಹಲ್ಲಿಯ ಪ್ರಕರಣದಲ್ಲಿ ನೆಲ ಡೊಂಕಾಗಿರುವುದು ಮಾತ್ರವಲ್ಲ, ಲಂಬವಾಗಿಯೂ ಇದೆ.

ಮೊದಲು ದೀಪಪ್ರಕರಣ. ಕ್ಯಾಮೆರಾದೊಳಗಿನ ಬೆಳಕಳೆಯುವ ಸಾಧನಕ್ಕೆ ಲೋಕದ ಬಗ್ಗೆ ಗಟ್ಟಿಯಾದ ಒಂದು ಪೂರ್ವಗ್ರಹವಿದೆ: ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದು, ಅಂದರೆ ಬಿದ್ದ ಬೆಳಕಿನಲ್ಲಿ ಶೇ. 18ರಷ್ಟನ್ನು ಮರಳಿಸುವಂಥದ್ದು. ಸುಣ್ಣ ಬಳಿದ ಗೋಡೆಯನ್ನು ತೋರಿಸಿದರೆ ಅದು ನಂಬುವುದಿಲ್ಲ. ಬೆಳಕು ಅತಿಯಾಯಿತೆಂದು ತಗ್ಗಿಸಿ, ಗೋಡೆಯನ್ನು ಬೂದಿಯಾಗಿಸಿ, ಹಲ್ಲಿಯನ್ನು ಮಸಿಯಾಗಿಸುತ್ತದೆ. ಕಪ್ಪು ವೆಲ್ವೆಟ್ಟಿನ ಮೇಲೆ ಕೂರಿಸಿದರೆ ಇದೇ ಅವಿಶ್ವಾಸ ತಿರುವುಮುರುವಾಗಿ ಹಲ್ಲಿ ಬೆಳ್ಳಗೆ ಸುಟ್ಟುಹೋಗುತ್ತದೆ. ಪರಿಹಾರ ಸುಲಭ: ಬಿಳಿಗೋಡೆಯಿದ್ದಲ್ಲಿ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಏರಿಸಬೇಕು, ಕಪ್ಪಿದ್ದಲ್ಲಿ ಇಳಿಸಬೇಕು, ಮೊಬೈಲಿನಲ್ಲಾದರೆ ಹಲ್ಲಿಯ ಮೇಲೆ ಬೆರಳೊತ್ತಿ, ಮೂಡುವ ಸೂರ್ಯನ ಗುರುತನ್ನು ಮೇಲಕ್ಕೋ ಕೆಳಕ್ಕೋ ಎಳೆದರಾಯಿತು. ಇನ್ನು ಬಣ್ಣ. ಟ್ಯೂಬ್‌ಲೈಟಿನದು ಸಾಮಾನ್ಯವಾಗಿ 6500 ಕೆಲ್ವಿನ್ನಿನ ನೀಲಿಮಿಶ್ರಿತ ಬೆಳಕು, ಹಳೆಯ ಬುರುಡೆ ಬಲ್ಬಿನದು 2700ರ ಹಳದಿ. ಎರಡನ್ನೂ ಒಟ್ಟಿಗೆ ಹಚ್ಚಿದರೆ ಹಲ್ಲಿಯ ಒಂದು ಮಗ್ಗುಲು ಕಾಮಾಲೆಯಾಗಿ, ಇನ್ನೊಂದು ಮಗ್ಗುಲು ಚಳಿ ಹಿಡಿದಂತೆ ಕಾಣುತ್ತದೆ. ದೀಪದ ವಿಷಯದಲ್ಲಿ ಏಕಪತ್ನೀವ್ರತವೇ ಮೇಲು. ಚೋಕ್ ಹಾಕಿದ ಹಳೆಯ ಟ್ಯೂಬು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಏರಿಳಿಯುವುದರಿಂದ, ಷಟರ್ ಅದಕ್ಕಿಂತ ಅವಸರಪಟ್ಟರೆ ಚಿತ್ರದಲ್ಲಿ ಪಟ್ಟೆಗಳು ಬೀಳುತ್ತವೆ. ಪಟ್ಟೆಹಲ್ಲಿ ಎಂಬ ಹೊಸ ಪ್ರಭೇದ ಕಂಡುಹಿಡಿದೆನೆಂದು ಹಿಗ್ಗುವ ಮೊದಲು ಇದನ್ನು ನೆನೆಯತಕ್ಕದ್ದು.

ಬೆಳಕಿನ ಮೃದುತ್ವ ದೀಪದ ಗಾತ್ರವನ್ನಲ್ಲ, ವಸ್ತುವಿಗೆ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಅವಲಂಬಿಸಿದೆ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್ ಇದ್ದರೂ ದೂರದಲ್ಲಿ ಕಾಸಿನಗಲವಾಗಿ ಕಾಣುವುದರಿಂದ ನಡುಮಧ್ಯಾಹ್ನದ ನೆರಳು ಕತ್ತಿಯಲ್ಲಿ ಕೊಯ್ದಂತಿರುತ್ತದೆ. ಮೋಡ ಮುಸುಕಿದಾಗ ಇಡೀ ಆಕಾಶವೇ ದೀಪವಾಗಿ ನೆರಳು ಕರಗುತ್ತದೆ. ಮೊಬೈಲಿನ ಫ್ಲ್ಯಾಶ್ ಎಂಬುದು ಎಳ್ಳುಗಾತ್ರದ ಸೂರ್ಯ. ಅದನ್ನು ನೇರವಾಗಿ ಹೊಡೆದರೆ ಹಲ್ಲಿಯ ಬೆನ್ನಿಗೇ ಗೋಡೆಯ ಮೇಲೆ ಇನ್ನೊಂದು ಕಪ್ಪುಹಲ್ಲಿ ಹುಟ್ಟಿ, ಯಾವುದು ಬಿಂಬ ಯಾವುದು ಪ್ರತಿಬಿಂಬ ಎಂಬ ವೇದಾಂತದ ಚರ್ಚೆಗೆ ಎಡೆಯಾಗುತ್ತದೆ. ಆದರೆ ನಾಲ್ಕಂಗುಲದ ಹಲ್ಲಿಗೆ ಒಂದಡಿ ಅಗಲದ ಬಟರ್ ಪೇಪರೇ ಮೋಡ ಮುಸುಕಿದ ಆಕಾಶ. ದೀಪವನ್ನು ಕ್ಯಾಮೆರಾದಿಂದ ಬಿಡಿಸಿ, ಪಕ್ಕಕ್ಕೆ ಸರಿಸಿ, ಆ ಕಾಗದದ ಮೂಲಕ ಓರೆಯಾಗಿ ಬೀಳಿಸಿ, ಎದುರು ಮಗ್ಗುಲಲ್ಲಿ ಒಂದು ಬಿಳಿ ಥರ್ಮಾಕೋಲ್ ತುಂಡು ನಿಲ್ಲಿಸಿದರೆ ಮೈಮೇಲಿನ ಹರಳುಹರಳಾದ ಚರ್ಮವೆಲ್ಲ ಎದ್ದು ಕಾಣುತ್ತದೆ. ಮದುಮಗಳಿಗೆ ಎರಡು ಬಿಳಿ ಕೊಡೆ ಹಿಡಿದರೂ ದಕ್ಕದ ಸೌಭಾಗ್ಯ ಹಲ್ಲಿಗೆ ಒಂದು ಹಾಳೆ ಕಾಗದದಲ್ಲಿ ದಕ್ಕುತ್ತದೆ. ‘ಇಷ್ಟೆಲ್ಲ ಏಕೆ, ಬೆಳಕನ್ನೇ ಹತ್ತುಪಟ್ಟು ಹೆಚ್ಚಿಸಿದರಾಗದೇ?’ ಎಂದರೆ, ಆಗದು. ಆಫ್ರಿಕದ ವಾಯವ್ಯ ಕರಾವಳಿಯ ಹೆಲ್ಮೆಟ್ ಗೆಕ್ಕೊ ಮಂದವಾದ ಬೆಳದಿಂಗಳಲ್ಲಿಯೂ ಬಣ್ಣ ಗುರುತಿಸುತ್ತದೆಂದು ಸ್ವೀಡನ್ನಿನ ಸಂಶೋಧಕರು 2004ರಲ್ಲಿ ತೋರಿಸಿದರು. ಬಣ್ಣ ಕಾಣುವ ನಮ್ಮ ಶಕ್ತಿ ಕೈಕೊಡುವ ಮಟ್ಟದಲ್ಲಿ ಅದರ ಕಣ್ಣು ನಮ್ಮದಕ್ಕಿಂತ ಸುಮಾರು 350 ಪಟ್ಟು ಸೂಕ್ಷ್ಮ. ಬಹುಪಾಲು ಹಲ್ಲಿಗಳಿಗೆ ಮುಚ್ಚಿಕೊಳ್ಳಲು ರೆಪ್ಪೆಯೂ ಇಲ್ಲ, ಕಣ್ಣನ್ನು ನಾಲಿಗೆಯಿಂದಲೇ ಒರೆಸಿಕೊಳ್ಳುತ್ತವೆ. ಲೆಪರ್ಡ್ ಗೆಕ್ಕೊಗೆ ರೆಪ್ಪೆಯಿದೆ. ಬೆಳಕು ಹೆಚ್ಚಾದರೆ ಅದು ಕಣ್ಣು ಮುಚ್ಚಿ ತನ್ನ ಪ್ರತಿಭಟನೆ ಸೂಚಿಸುತ್ತದೆ, ಒಡೆಯರು ಅದನ್ನು ನಗುವೆಂದು ತಿಳಿದು ಇನ್ನೊಂದು ಫೋಟೊ ಹೊಡೆಯುತ್ತಾರೆ.

ಇನ್ನು ಭಿತ್ತಿಪ್ರಕರಣ. ನಮ್ಮ ವಿಮರ್ಶಕರು ಕಾದಂಬರಿಯ ‘ವಿಶಾಲ ಭಿತ್ತಿ’ಯ ಬಗ್ಗೆ ಬರೆಯುವಾಗ ಆ ಮಾತನ್ನು ರೂಪಕವಾಗಿ ಬಳಸುತ್ತಾರೆ, ಆ ಪದವನ್ನು ವಾಚ್ಯಾರ್ಥದಲ್ಲಿ ಬಾಳುತ್ತಿರುವ ಪ್ರಾಣಿ ಹಲ್ಲಿಯೊಂದೇ. ಕಷ್ಟ ಹುಟ್ಟುವುದೂ ಇಲ್ಲಿಯೇ. ಫೋಟೊ ಕಲಿಸುವವರೆಲ್ಲ ಒಕ್ಕೊರಲಿನಿಂದ ಹೇಳುವ ವಿಧಿ ಒಂದು: ವಸ್ತುವನ್ನು ಹಿನ್ನೆಲೆಯಿಂದ ಎರಡು ಮೂರು ಅಡಿ ಮುಂದಕ್ಕೆ ತನ್ನಿರಿ, ಆಗ ಹಿನ್ನೆಲೆ ಮಸುಕಾಗಿ, ನೆರಳು ಹಿಂದೆ ಬಿದ್ದು, ವಸ್ತು ಎದ್ದು ನಿಲ್ಲುತ್ತದೆ. ಹಿನ್ನೆಲೆಗೆ ಅಂಟಿಕೊಂಡಿರುವುದೇ ಹಲ್ಲಿಯ ಕುಲಕಸುಬು. ಮರದ ಮೇಲೆ ತಲೆಕೆಳಗಾಗಿಯೂ ಓಡುವ ಅದರ ಸಾಮರ್ಥ್ಯವನ್ನು ಅರಿಸ್ಟಾಟಲನೇ ಉಲ್ಲೇಖಿಸಿದ್ದಾನೆ. ಟೋಕೆ ಗೆಕ್ಕೊದ ಒಂದೊಂದು ಪಾದದಲ್ಲಿಯೂ ಸುಮಾರು 5 ಲಕ್ಷ ಸೂಕ್ಷ್ಮ ರೋಮಗಳಿದ್ದು, ಪ್ರತಿಯೊಂದೂ ನೂರಾರು ಕವಲಾಗಿ ಒಡೆದು, ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಸೆಳೆತದಿಂದಲೇ ಗೋಡೆಯನ್ನು ಹಿಡಿಯುತ್ತದೆಂದು 2002ರಲ್ಲಿ ಪ್ರಯೋಗದಿಂದ ಸಿದ್ಧವಾಯಿತು. ಅಂದರೆ ಫೋಟೊಗ್ರಾಫರನು ಎರಡಡಿ ಅಂತರ ಕೇಳುತ್ತಿರುವುದು ಅಣುವಿನಷ್ಟು ಅಂತರವನ್ನೂ ಸಹಿಸದ ಪ್ರಾಣಿಯಿಂದ. ಅದರ ಮೇಲೆ ನಮ್ಮ ಮನೆಹಲ್ಲಿ ರಾತ್ರಿ ಹೊತ್ತು ಬಿಳಿಚಿಕೊಂಡು ಗೋಡೆಯ ಬಣ್ಣಕ್ಕೇ ಇಳಿಯುತ್ತದೆ. ಪ್ರಾಣ ಉಳಿಸುವ ಈ ಗುಣವೇ ಫೋಟೊ ಕೆಡಿಸುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಲೆಪರ್ಡ್ ಗೆಕ್ಕೊ ಸಾಕುವವರಿಗೆ ಇಷ್ಟವಾಗಿರುವುದರಲ್ಲಿ ಒಂದು ಗೂಢಾರ್ಥ ಹೊಳೆಯುತ್ತದೆ. ಅದರ ಪಾದಕ್ಕೆ ಅಂಟುವ ರೋಮಗಳಿಲ್ಲ, ಬರೀ ಉಗುರು. ಗಾಜನ್ನಾಗಲಿ ನುಣುಪು ಗೋಡೆಯನ್ನಾಗಲಿ ಹತ್ತಲಾರದು. ಹಿನ್ನೆಲೆಯಿಂದ ಬಿಡಿಸಬಹುದಾದ ಹಲ್ಲಿ ಅದು. ಆದರೆ ದೇವರು ವರ ಕೊಟ್ಟರೂ ಒಡೆಯ ಬಿಡಬೇಕಲ್ಲ! ಸ್ವಚ್ಛತೆಗೆಂದು ಪೆಟ್ಟಿಗೆಯಲ್ಲಿ ಹಾಸಿದ ಟಿಶ್ಯೂ ಕಾಗದದ ಮೇಲೆಯೇ ಅದರ ಫೋಟೊ ತೆಗೆಯುತ್ತಾರೆ. ‘ಬ್ಲಿಜ಼ರ್ಡ್’ ಎಂಬ ಅಚ್ಚಬಿಳಿಯ ತಳಿಯಾದರೆ ಬಿಳಿಯ ಮೇಲೆ ಬಿಳಿ. ಕಾಣುವುದು ಎರಡು ಕಣ್ಣು ಮತ್ತು ಒಂದು ಹುಳುವಿನ ಕಾಲು. ಇಲ್ಲವೇ ಅಂಗೈ ಮೇಲೆ ಕೂರಿಸಿ ತೆಗೆಯುತ್ತಾರೆ. ಆಗ ಹಲ್ಲಿಗಿಂತ ಹೆಬ್ಬೆರಳಿನ ಉಗುರು ಸ್ಪಷ್ಟವಾಗಿ ಬರುತ್ತದೆ. ಗಾಜಿನ ಹೊರಗಿನಿಂದ ತೆಗೆದರೆ ಹಲ್ಲಿಯ ಹೊಟ್ಟೆಯ ಮೇಲೆ ಛಾಯಾಗ್ರಾಹಕನ ಮುಖ ಮೂಡುತ್ತದೆ. ಲೆನ್ಸನ್ನು ಗಾಜಿಗೆ ಒತ್ತಿಹಿಡಿದರೆ ಈ ನರಮೃಗಾವತಾರ ತಪ್ಪುತ್ತದೆ. ಮಣ್ಣಿನ ಬಣ್ಣದ ಕಲ್ಲು, ಒಣಗಿದ ತೊಗಟೆ, ಹಿಂದೆ ದೂರದಲ್ಲಿ ಮಾಸಲು ಹಸಿರಿನ ಒಂದು ರಟ್ಟು: ಹಳದಿಮೈಯ ಹಲ್ಲಿಗೆ ಇಷ್ಟು ಸಾಕು. ಇಲ್ಲಿ ‘ಸಾಕು’ ಎರಡನೆಯ ಅರ್ಥದಲ್ಲಿ.

ಈಗ ಆಕ್ಷೇಪಗಳು. ಬೆಳಕು ತಿದ್ದಿ ಹಿನ್ನೆಲೆ ಬದಲಿಸಿದರೆ ಅದು ಸುಳ್ಳು ಚಿತ್ರವಾಗುವುದಿಲ್ಲವೇ ಎಂಬುದು ಮೊದಲನೆಯದು. ಟ್ಯೂಬ್‌ಲೈಟಿನ ಕೆಳಗೆ ನೀಲಿಯಾದ ಹಲ್ಲಿ ಮಾತ್ರ ಯಾವ ಸತ್ಯ? ತಿದ್ದದಿರುವುದು ನಿಜವಲ್ಲ, ಬರೀ ಸೋಮಾರಿತನ. ಆದರೆ ತಿದ್ದುವುದಕ್ಕೂ ಬಣ್ಣ ಕಟ್ಟುವುದಕ್ಕೂ ವ್ಯತ್ಯಾಸವುಂಟು. ಸಾಕುಹಲ್ಲಿಗಳ ವ್ಯಾಪಾರ ನಡೆಯುವುದು ಬಣ್ಣದ ಮೇಲೆ. ‘ಲೆಮನ್ ಫ್ರಾಸ್ಟ್’ ಎಂಬ ತಳಿಯ ಹೊಳಪಿಗೆ ಜನ ಮರುಳಾದ ಮೇಲೆ, ಆ ಹೊಳಪಿನ ಬೆನ್ನಿಗೇ ಚರ್ಮದ ಗೆಡ್ಡೆಗಳ ರೋಗವೂ ಬರುತ್ತದೆಂದು ಗೊತ್ತಾಯಿತು. ಹೀಗೆ ಬಣ್ಣಕ್ಕೆ ಮರುಳಾಗುವವರಿಗೆ ಇಲ್ಲದ ಬಣ್ಣ ತೋರಿಸಬಾರದು. ಆದ್ದರಿಂದ ಹಲ್ಲಿಯ ಪಕ್ಕದಲ್ಲಿ ಒಂದು ಬೂದುಕಾರ್ಡನ್ನು ಇಟ್ಟು ಮೊದಲ ಫೋಟೊ ತೆಗೆದು, ಅದಕ್ಕೆ ಹೊಂದಿಸಿಯೇ ಬಣ್ಣವನ್ನು ತಿದ್ದತಕ್ಕದ್ದು. ಎರಡನೆಯ ಆಕ್ಷೇಪ ಪಂಚಾಂಗದವರದು: ಹಲ್ಲಿ ತಲೆಯ ಮೇಲೆ ಬಿದ್ದರೇನು, ಭುಜದ ಮೇಲೆ ಬಿದ್ದರೇನು ಎಂದು ಅಂಗಾಂಗವಾಗಿ ಫಲ ಹೇಳಿರುವ ಗೌಳಿಶಾಸ್ತ್ರ ದೀಪ-ಭಿತ್ತಿಗಳ ವಿಷಯದಲ್ಲಿ ಮೌನವಾಗಿರುವುದರಿಂದ ಇವು ಮುಖ್ಯವಲ್ಲ. ಆ ಶಾಸ್ತ್ರ ಶುರುವಾಗುವುದೇ ಹಲ್ಲಿ ಭಿತ್ತಿಯನ್ನು ಬಿಟ್ಟ ಮೇಲೆ. ಬೀಳುವುದಕ್ಕೆ ಮುಂಚಿನ ಹಲ್ಲಿ ಅದರ ಅಧಿಕಾರವ್ಯಾಪ್ತಿಗೆ ಬರುವುದಿಲ್ಲ.

ಕೊನೆಯ ಆಕ್ಷೇಪವೇ ಬಲವಾದದ್ದು: ದೀಪ, ಭಿತ್ತಿ ಎಷ್ಟೇ ಹೆಚ್ಚಾಗಲಿ, ಹಲ್ಲಿಯೇ ಇಲ್ಲದೆ ಹಲ್ಲಿಯ ಚಿತ್ರ ಉಂಟೇ? ಉಂಟು, ಮತ್ತು ಎಲ್ಲರ ಮೊಬೈಲಿನಲ್ಲೂ ಉಂಟು. ಬಟರ್ ಪೇಪರ್ ಹಿಡಿದು, ಥರ್ಮಾಕೋಲ್ ನಿಲ್ಲಿಸಿ, ಸೂರ್ಯನ ಗುರುತನ್ನು ಎಳೆಯುವಷ್ಟರಲ್ಲಿ ಹಲ್ಲಿ ಹೊರಟಿರುತ್ತದೆ. ತೀರಾ ಗಾಬರಿಯಾದರೆ ಮಿಡುಕುವ ಬಾಲವನ್ನಷ್ಟೇ ಪ್ರತಿನಿಧಿಯಾಗಿ ಬಿಟ್ಟಿರುತ್ತದೆ. ಬಾಲ ಉದುರುವಷ್ಟು ಹೆದರಿಸಿದವನು ಕ್ಯಾಮೆರಾವನ್ನು ಕೆಳಗಿಡತಕ್ಕದ್ದು. ಬರೀ ಹೊರಟುಹೋದ ಪಕ್ಷದಲ್ಲಿ ಉಳಿಯುವ ಚಿತ್ರವನ್ನು ತರ್ಕಶಾಸ್ತ್ರ ಕೈಬಿಟ್ಟಿಲ್ಲ. ನೆಲದ ಮೇಲೆ ಗಡಿಗೆಯಿಲ್ಲ ಎಂಬಲ್ಲಿ ಗಡಿಗೆಯ ಅಭಾವವೂ ಒಂದು ಪದಾರ್ಥವೇ ಆದರೆ, ಗೋಡೆಯ ಮೇಲಿನ ಗೌಳ್ಯಭಾವ ಯಾಕಾಗಬಾರದು? ಅಭಾವವನ್ನು ತಿಳಿಯಲು ಅನುಪಲಬ್ಧಿಯೆಂಬ ಬೇರೆ ಪ್ರಮಾಣವೇ ಬೇಕೆಂದು ಭಾಟ್ಟ ಮೀಮಾಂಸಕರು ಹೇಳಿದರು. ಕಣ್ಣಿಗೇ ಕಾಣುತ್ತದೆಂದು ನೈಯಾಯಿಕರು ಹೇಳಿದರು. ಕ್ಯಾಮೆರಾ ನೈಯಾಯಿಕರ ಪಕ್ಷ. ಆ ಚಿತ್ರವನ್ನು ಅಳಿಸದೆ ಒಮ್ಮೆ ಸಾವಧಾನವಾಗಿ ನೋಡಿರಿ: ಬೆಳಕು ಹದವಾಗಿದೆ, ಗೋಡೆ ಗೋಡೆಯ ಬಣ್ಣದಲ್ಲಿಯೇ ಇದೆ, ಎಲ್ಲಿಯೂ ಕಪ್ಪು ನೆರಳಿಲ್ಲ. ವಸ್ತುವಿಗೂ ಹಿನ್ನೆಲೆಗೂ ನಡುವೆ ಶಾಸ್ತ್ರ ಕೇಳಿದ ಎರಡಡಿ ಅಂತರವನ್ನು ಹಲ್ಲಿ ಕೊನೆಗೂ ಒದಗಿಸಿದೆ. ಸ್ವಲ್ಪ ಧಾರಾಳವಾಗಿಯೇ ಒದಗಿಸಿದೆ, ಏಕೆಂದರೆ ಅದು ಈಗ ಅಡುಗೆಮನೆಯಲ್ಲಿದೆ.